ಬಿಳಿ ಪುಡಿ ನಂಬಿ ಆರು ಚೀಲ ಕಳೆದುಕೊಂಡೆ

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಸಸಿಮಡಿ ಮಾಡುವುದು ನನಗೆ ಹೊಸದಲ್ಲ. ಜನವರಿ ಹೊತ್ತಿಗೆ ಬೀಜ ಹಾಕಿ, ಹುಲ್ಲು ಮುಚ್ಚಿ ನೀರು ಕೊಟ್ಟರೆ ಸುಮಾರು 45 ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. ಅದೇ ಧೈರ್ಯದಲ್ಲಿ ಹುಲ್ಲು ತುಂಬಿದ ಚೀಲಗಳಲ್ಲಿ ಚಿಪ್ಪಣಬೆ (ಆಯಿಸ್ಟರ್ ಅಣಬೆ) ಬೆಳೆಯಲೂ ಕೈ ಹಾಕಿದೆ.

ಮೊದಲ ಬೆಳೆ ಚೆನ್ನಾಗಿಯೇ ಬಂತು. ನೆಂಟರ ಮದುವೆ ಓಡಾಟದಲ್ಲಿ ಕೊಯ್ಲು ಎರಡು ದಿನ ತಡವಾಯಿತು. ಬಂದು ನೋಡಿದರೆ ಅಣಬೆಗಳ ಅಂಚು ಮೇಲಕ್ಕೆ ಸುರುಟಿವೆ, ಕೆಳಗಿನ ಚೀಲಗಳ ಮೇಲೆಲ್ಲ ಬಿಳಿ ಪುಡಿ. ಕೋಣೆಗೆ ಕಾಲಿಟ್ಟ ಕೂಡಲೇ ಕೆಮ್ಮು. ಇದೇ ಸ್ಪೋರ್, ಶಾಲೆಯಲ್ಲಿ ಓದಿದ ಬೀಜಕ. ಹೆಸರಲ್ಲೇ ಬೀಜ ಇದೆ ಅಲ್ವಾ? ಸುಮ್ನೆ ದುಡ್ಡು ಕೊಟ್ಟು ಅಣಬೆ ಬೀಜ ಯಾಕೆ ತರಬೇಕು ಅಂದುಕೊಂಡೆ. ಪುಡಿ ಗುಡಿಸಿ, ಬೇಯಿಸಿ ಆರಿಸಿದ ಭತ್ತದ ಹುಲ್ಲಿಗೆ ಉದುರಿಸಿ ಆರು ಚೀಲ ಕಟ್ಟಿದೆ. ವಾರ ಕಳೆಯುವಷ್ಟರಲ್ಲಿ ಆರೂ ಹಸಿರು ಬೂಷ್ಟು. ಗೊಬ್ಬರದ ಗುಂಡಿಗೆ ಹಾಕಿದೆ.

ಆಮೇಲೆ ಒಂದು ಕಾಫಿ ಬೀಜ ಸೀಳಿ ನೋಡಿದೆ. ತುದಿಯಲ್ಲಿ ಪುಟ್ಟ ಭ್ರೂಣ, ಉಳಿದದ್ದೆಲ್ಲ ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಬೇರು ಬಿಡುವವರೆಗೂ ಅದೇ ಊಟ. ಬೀಜಕ ಹಾಗಲ್ಲ. ಕಣ್ಣಿಗೆ ಕಾಣದ ಒಂದೇ ಒಂದು ಜೀವಕೋಶ. ಒಳಗೆ ಮರಿ ಗಿಡ ಇಲ್ಲ, ಬುತ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಎಳೆ ಬಿಟ್ಟು ಹುಲ್ಲು ಹಿಡಿಯುವಷ್ಟರಲ್ಲಿ ಬೂಷ್ಟು ಊಟ ಮುಗಿಸಿರುತ್ತದೆ. ಸಾಲದ್ದಕ್ಕೆ ಚಿಪ್ಪಣಬೆಯಲ್ಲಿ ಒಂದೇ ಬೀಜಕದ ಎಳೆಯಿಂದ ಅಣಬೆ ಏಳುವುದಿಲ್ಲ. ಹೊಂದುವ ಇನ್ನೊಂದರ ಎಳೆ ಸಿಕ್ಕಿ ಎರಡೂ ಕೂಡಬೇಕು. ಅದಕ್ಕೇ ಒಂದು ಅಣಬೆ ಅಷ್ಟೊಂದು ಪುಡಿ ಸುರಿಯುವುದು.

ಎಲ್ಲ ಬೀಜಕಗಳೂ ಹೀಗೆ ಪರದಾಡುವುದಿಲ್ಲ ಅನ್ನಿ. ಅರೇಬಿಕಾ ಕಾಫಿ ಎಲೆಯ ಅಡಿಯ ಕಿತ್ತಳೆ ಪುಡಿ, ನಮ್ಮ ತುಕ್ಕು ರೋಗ, ಅದೂ ಬೀಜಕವೇ. ಒದ್ದೆ ಎಲೆ ಸಿಕ್ಕರೆ ಸೀದಾ ಒಳಗೆ ನುಗ್ಗಿ ಗಿಡದ ಊಟಕ್ಕೇ ಕೈ ಹಾಕುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದೂ ಹೊಡೆದೂ ನಮಗೆ ಸಾಕಾಗಿದೆ.

ಹಾಗಾದರೆ ಲ್ಯಾಬಿನಿಂದ ತರುವ ‘ಅಣಬೆ ಬೀಜ’? ಅದು ಬೀಜವೂ ಅಲ್ಲ, ಬೀಜಕವೂ ಅಲ್ಲ. ಬೇಯಿಸಿದ ಜೋಳದ ಕಾಳಿನ ಮೇಲೆ ಆಗಲೇ ಬೆಳೆದು ನಿಂತ ಅಣಬೆಯ ಬಿಳಿ ಎಳೆ. ರೊಬಸ್ಟಾ ಕಾಫಿಯ ಕಟಿಂಗ್ ನೆಟ್ಟ ಹಾಗೆ. ಮರಿ ಸಾಕುವ ಕೆಲಸ ಬೇರೆಯವರು ಮುಗಿಸಿರುತ್ತಾರೆ. ಹುಲ್ಲಿಗೆ ಹಾಕಿದರೆ 15–20 ದಿನಕ್ಕೆ ಚೀಲ ಬೆಳ್ಳಗಾಗುತ್ತದೆ.

ಈಗ ಅಂಚು ಸುರುಟುವ ಮೊದಲೇ ಕೊಯ್ಯುತ್ತೇನೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು.