ಮೈಕ್‌ಸೆಟ್‌ನಲ್ಲಿ ಪಿಯಾನೋ ಪಿಯಾನೋ ಥರಾನೇ ಕೇಳಬೇಕಾದರೆ

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದಾಗ ಪಿಯಾನೋ ಟೋನ್ ಎಷ್ಟು ಚೆನ್ನಾಗಿರುತ್ತದೆ, ಅಲ್ವಾ? ಅದೇ ಕೀಬೋರ್ಡನ್ನು ಕಲ್ಯಾಣ ಮಂಟಪದ ಸ್ಟೇಜ್ ಮೇಲಿಟ್ಟು ಮಿಕ್ಸರ್‌ಗೆ ಕೊಟ್ಟ ತಕ್ಷಣ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ದಾವಣಗೆರೆಯಲ್ಲಿ ಆರತಕ್ಷತೆ, ಗಣೇಶನ ಹಬ್ಬದ ರಸಮಂಜರಿ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಅಂತ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು ನಾನು. ನನ್ನ ಹತ್ತಿರ ಕಲಿಯೋ ಹುಡುಗರು ಸೌಂಡ್ ಕೆಟ್ಟರೆ ಮೈಕ್‌ಸೆಟ್‌ನವರನ್ನೇ ಬೈಯುತ್ತಾರೆ. ಅವರದ್ದು ಏನೂ ತಪ್ಪಿರಲ್ಲ ಅಂತ ನಾನು ಹೇಳಲ್ಲ. ಆದರೆ ಪಿಯಾನೋ ಕೆಡೋದು ಬಹಳ ಸಲ ಕೀಬೋರ್ಡಿನ ಹಿಂದೆ, ಜಾಕ್ ಚುಚ್ಚೋ ಜಾಗದಲ್ಲೇ.

ಯಾಕೆ ಅಂತ ಮೊದಲು ತಿಳಿದುಕೊಳ್ಳಿ. ಕೀಬೋರ್ಡಿನ ಪಿಯಾನೋ ಟೋನ್ ಸಾಮಾನ್ಯವಾಗಿ ನಿಜವಾದ ಪಿಯಾನೋಗೆ ಎರಡು ಅಥವಾ ಜಾಸ್ತಿ ಮೈಕ್ ಇಟ್ಟು ಮಾಡಿದ ಸ್ಟೀರಿಯೋ ರೆಕಾರ್ಡಿಂಗ್. ಒಂದೇ ಸ್ವರ ಒಂದು ಮೈಕಿಗೆ ಚೂರು ಮೊದಲು, ಇನ್ನೊಂದಕ್ಕೆ ಚೂರು ಆಮೇಲೆ ತಲುಪಿರುತ್ತದೆ. ಹೆಡ್‌ಫೋನ್‌ನಲ್ಲಿ ಎಡಕಿವಿಗೊಂದು, ಬಲಕಿವಿಗೊಂದು ಬೇರೆ ಬೇರೆಯಾಗಿ ಬರೋದರಿಂದ ಸೌಂಡ್ ಅಗಲವಾಗಿ ಕೇಳುತ್ತದೆ. ನಮ್ಮ ಕಡೆ ಸ್ಟೇಜ್ ಸೌಂಡ್ ಹೆಚ್ಚಾಗಿ ಮೋನೋ, ಅಂದರೆ ಎಲ್ಲ ಸ್ಪೀಕರ್‌ಗೂ ಒಂದೇ ಸೌಂಡ್. ಎಡ ಬಲ ಎರಡನ್ನೂ ಒಂದಕ್ಕೆ ಸೇರಿಸಿದರೆ ಕೆಲವು ಫ್ರೀಕ್ವೆನ್ಸಿಗಳು ಒಂದನ್ನೊಂದು ಹೊಡೆದು ಹಾಕುತ್ತವೆ. ಒಂದು ಕೀ ಜೋರು, ಪಕ್ಕದ್ದು ಸಪ್ಪೆ. ಇದನ್ನು ಯಾವ ಈಕ್ವಲೈಸರ್ ತಿರುಗಿಸಿದರೂ ಸರಿ ಮಾಡೋಕಾಗಲ್ಲ.

ಹಾಗಾಗಿ ಟೋನ್ ಆರಿಸೋ ಕೆಲಸ ಮನೆಯಲ್ಲೇ ಮುಗಿಯಬೇಕು, ಅದೂ ಒಂದೇ ಸ್ಪೀಕರ್‌ನಲ್ಲಿ. ‘ಲೆಫ್ಟ್/ಮೋನೋ’ ಅಂತ ಬರೆದಿರೋ ಔಟ್‌ಪುಟ್‌ಗೆ ಮಾತ್ರ ಜಾಕ್ ಹಾಕಿ. ಆಗ ಬಹಳಷ್ಟು ಕೀಬೋರ್ಡ್‌ಗಳು ಎರಡೂ ಕಡೆಯದನ್ನು ತಾವೇ ಕೂಡಿಸಿ ಕಳಿಸುತ್ತವೆ. ಕೆಳಗಿನ ಕೀಯಿಂದ ಮೇಲಿನವರೆಗೆ ಒಂದೊಂದಾಗಿ ಒತ್ತಿ ಕೇಳಿ. ಹೆಸರಲ್ಲಿ ‘ಮೋನೋ’ ಅಂತ ಇರೋ ಪಿಯಾನೋ ಟೋನ್ ನಿಮ್ಮ ಕೀಬೋರ್ಡಲ್ಲಿದ್ದರೆ ಮೊದಲು ಅದನ್ನೇ ನೋಡಿ. ಇಲ್ಲದಿದ್ದರೆ ‘ಬ್ರೈಟ್’ ಪಿಯಾನೋ. ಮನೆಯಲ್ಲಿ ಸ್ವಲ್ಪ ಒರಟು ಅನ್ನಿಸುತ್ತದೆ, ಆದರೆ ರಿದಮ್ ಪ್ಯಾಡ್, ಡೋಲಕ್ ನಡುವೆ ನುಗ್ಗಿ ಬರೋದು ಅದೇ. ಯಾವುದೂ ಸರಿಹೋಗದಿದ್ದರೆ ಒಂದು ಉಪಾಯ ಇದೆ. ಬಲಗಡೆ ಔಟ್‌ಪುಟ್‌ಗೂ ಸುಮ್ನೆ ಒಂದು ಜಾಕ್ ಚುಚ್ಚಿಡಿ, ಅದರ ಇನ್ನೊಂದು ತುದಿ ಎಲ್ಲಿಗೂ ಬೇಡ. ಕೀಬೋರ್ಡ್ ಕೂಡಿಸೋದನ್ನು ನಿಲ್ಲಿಸುತ್ತದೆ, ಬರೀ ಎಡಗಡೆಯ ರೆಕಾರ್ಡಿಂಗ್ ಮಿಕ್ಸರ್‌ಗೆ ಹೋಗುತ್ತದೆ. ಕೆಲವು ಟೋನ್‌ಗಳಲ್ಲಿ ಆಗ ಮೇಲಿನ ಸ್ವರಗಳು ಸಣ್ಣದಾಗುತ್ತವೆ, ಅದನ್ನೂ ಕೇಳಿ ನೋಡಿ.

ಹೆಡ್‌ಫೋನ್ ಸಾಕೆಟ್ ಬಿಟ್ಟರೆ ಬೇರೆ ಔಟ್‌ಪುಟ್ ಇಲ್ಲದ ಕೀಬೋರ್ಡ್‌ನವರು ಇದನ್ನು ಗಮನವಿಟ್ಟು ಓದಿ. ನನ್ನ ಹತ್ತಿರ ಕಲಿಯೋ ಒಬ್ಬ ಹುಡುಗ ಗಣೇಶನ ಪೆಂಡಾಲ್‌ನಲ್ಲಿ ಎರಡೂ ತುದಿಗೆ ಸ್ಟೀರಿಯೋ ಪಿನ್ ಇರೋ ವೈರನ್ನು ಹೆಡ್‌ಫೋನ್ ಸಾಕೆಟ್‌ನಿಂದ ನೇರ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಹಾಕಿದ್ದ. ಸ್ವರ ಎಲ್ಲೋ ದೂರದಲ್ಲಿ, ಬರೀ ಎಕೋ ಮಾತ್ರ ಹತ್ತಿರದಲ್ಲಿ. ಗೇನ್ (ಮಿಕ್ಸರ್ ಒಳಗೆ ಬರೋ ಸೌಂಡನ್ನು ಹೆಚ್ಚು ಕಡಿಮೆ ಮಾಡೋ ತಿರುಗುಣಿ) ಏರಿಸಿದಷ್ಟೂ ಎಕೋನೇ ಜಾಸ್ತಿ. ಕಾರಣ ಇಷ್ಟೇ: ಆ ಇನ್‌ಪುಟ್ ಬ್ಯಾಲೆನ್ಸ್ಡ್. ಪಿನ್ನಿನ ತುದಿಗೂ ಉಂಗುರಕ್ಕೂ ಇರೋ ವ್ಯತ್ಯಾಸವನ್ನಷ್ಟೇ ಅದು ತೆಗೆದುಕೊಳ್ಳುತ್ತದೆ. ಎಡದಲ್ಲೂ ಬಲದಲ್ಲೂ ಒಂದೇ ಥರ ಇರೋ ಸೌಂಡ್ ಅಲ್ಲೇ ಕಳೆದುಹೋಗುತ್ತದೆ. ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್ ಇರೋ ವೈ ಕೇಬಲ್ ತಂದು, ಒಂದು ಪಿನ್ನನ್ನು ಮಾತ್ರ ಚಾನೆಲ್‌ಗೆ ಹಾಕಿದೆವು. ಪಿಯಾನೋ ಮರಳಿ ಬಂತು.

ಇನ್ನು ವೈರು. ಮಿಕ್ಸರ್ ಇರೋದು ಜನರ ಹಿಂದೆ, ಶಾಮಿಯಾನದ ಆ ತುದಿಯಲ್ಲಿ. ಸಾಧಾರಣ ಜಾಕ್ ವೈರ್ 5-6 ಮೀಟರ್ ದಾಟಿದರೆ ಸೀರಿಯಲ್ ಲೈಟಿನ ಗಲಾಟೆಯೆಲ್ಲ ಅದರೊಳಗೆ ಬರೋ ಸಾಧ್ಯತೆ ಜಾಸ್ತಿ. ಡಿಐ ಬಾಕ್ಸ್ ಒಂದನ್ನು, ಅಂದರೆ ಕೀಬೋರ್ಡಿನ ಸೌಂಡನ್ನು ಉದ್ದ ಮೈಕ್ ವೈರ್‌ನಲ್ಲಿ ಗಲಾಟೆಯಿಲ್ಲದೆ ಹೋಗೋ ಹಾಗೆ ಬದಲಿಸೋ ಪುಟ್ಟ ಡಬ್ಬವನ್ನು, ನಿಮ್ಮದೇ ಅಂತ ಕೊಂಡುಬಿಡಿ. ಕೀಬೋರ್ಡ್‌ನಿಂದ ಡಿಐಗೆ ಗಿಡ್ಡ ಜಾಕ್ ವೈರ್, ಅಲ್ಲಿಂದ ಮುಂದಕ್ಕೆ ಮೈಕ್ ವೈರ್. ಕೀಬೋರ್ಡ್‌ಗೆ ಪ್ಯಾಸಿವ್ ಡಿಐ ಸಾಕು, ಬ್ಯಾಟರಿ ತಾಪತ್ರಯ ಇಲ್ಲ. ಗುಂಯ್ ಅನ್ನೋ ಶಬ್ದ ಬಂದರೆ ಅದರ ಮೇಲಿರೋ ‘ಗ್ರೌಂಡ್ ಲಿಫ್ಟ್’ ಸ್ವಿಚ್ ಒತ್ತಿ ನೋಡಿ. ಆ ಶಬ್ದ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯೋರನ್ನು ನೋಡಿದ್ದೇನೆ. ಕರೆಂಟು ಜನರೇಟರ್‌ದು, ನೆಲ ಹಸಿ, ಗಾಯಕರ ಕೈಯಲ್ಲಿ ಲೋಹದ ಮೈಕ್. ಆ ಕೆಲಸ ಮಾತ್ರ ಯಾರೂ ಮಾಡಬೇಡಿ.

ಗಿಟಾರ್ ಆಂಪ್ಲಿಫೈಯರ್‌ಗೆ ಪಿಯಾನೋ ಕೊಡಬೇಡಿ. ಅದರ ಸ್ಪೀಕರ್ 5 ಕಿಲೋಹರ್ಟ್ಜ್ ದಾಟಿದ ಮೇಲೆ ಸೌಂಡ್ ಬಿಡೋದೇ ಕಡಿಮೆ, ಪಿಯಾನೋದ ಹೊಳಪೆಲ್ಲ ಅಲ್ಲೇ ಹೋಗುತ್ತದೆ. 10 ಅಥವಾ 12 ಇಂಚಿನ ಸ್ಪೀಕರ್ ಜೊತೆ ಹಾರ್ನ್ (ಮೇಲಿನ ಫ್ರೀಕ್ವೆನ್ಸಿಗಳಿಗೆ ಇರೋ ಭಾಗ) ಇರೋ ಪವರ್ಡ್ ಬಾಕ್ಸ್, ಅಂದರೆ ಒಳಗೇ ಆಂಪ್ಲಿಫೈಯರ್ ಇರೋದು, ಒಳ್ಳೇದು.

ಸೌಂಡ್ ಚೆಕ್‌ಗೆ ಕೀಬೋರ್ಡ್ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಸುಮ್ನೆ ಒಂದು ಕೀ ಟಿಣ್ ಟಿಣ್ ಅನ್ನಿಸಬೇಡಿ. “ಅಣ್ಣಾ, ಎರಡೂ ಕೈಯಲ್ಲಿ ಜೋರಾಗಿ ನುಡಿಸ್ತೀನಿ, ಕೆಂಪು ಲೈಟ್ ಬರದಂಗೆ ಗೇನ್ ಇಡ್ರಿ” ಅಂತ ಕೇಳಿ, ಹಾಡಿನಲ್ಲಿ ಎಷ್ಟು ಜೋರು ಬರುತ್ತದೋ ಅಷ್ಟೇ ಜೋರಾಗಿ ನುಡಿಸಿ. ಸ್ಟ್ರಿಂಗ್ಸ್ ಟೋನ್ ಪಿಯಾನೋಗಿಂತ ಜೋರಿದ್ದರೆ ಅದನ್ನು ಮನೆಯಲ್ಲೇ ತಗ್ಗಿಸಿ ಸೇವ್ ಮಾಡಿಕೊಂಡು ಬನ್ನಿ.

ಆಮೇಲೆ ಈಕ್ವಲೈಸರ್. ಚಾನೆಲ್‌ನಲ್ಲಿ ಲೋ ಕಟ್ ಬಟನ್ ಇರುತ್ತದೆ, 80 ಅಥವಾ 100 ಹರ್ಟ್ಜ್‌ಗಿಂತ ಕೆಳಗಿನ ಸೌಂಡನ್ನು ತಗ್ಗಿಸೋದು. ಒತ್ತಿಸಿ. ಬಾಸ್ ಗಿಟಾರ್ ಇದ್ದಾಗ ಆ ಜಾಗ ಅವರದ್ದು, ನಿಮ್ಮ ಎಡಗೈಯೂ ಹಗುರ ಇರಲಿ. ಗುಮ್ ಅನ್ನೋದು 300 ಹರ್ಟ್ಜ್ ಆಸುಪಾಸು. ಅಲ್ಲಿ 3-4 ಡೆಸಿಬೆಲ್ ಇಳಿಸಿದರೆ ಸಾಕು. ಮಧ್ಯದ ಸಿ ಸ್ವರವೇ 262 ಹರ್ಟ್ಜ್, ಜಾಸ್ತಿ ಇಳಿಸಿದರೆ ಪಿಯಾನೋಗೆ ಮೈಯೇ ಇರಲ್ಲ. ಕೀಬೋರ್ಡಿನ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ನುಡಿಸಿದ ಹಾಗೆ ಕೇಳಿಸೋ ಗುಂಗು) ಪೂರ್ತಿ ಆಫ್ ಮಾಡಿ, ಮಂಟಪದ ಟೈಲ್ಸ್ ಗೋಡೆ ಬೇಡ ಅಂದರೂ ಅದನ್ನು ಕೊಡುತ್ತದೆ. ಖಾಲಿ ಹಾಲ್‌ನಲ್ಲಿ ಸೌಂಡ್ ಚೆಕ್ ಆಗಿರುತ್ತದೆ, ಜನ ತುಂಬಿದ ಮೇಲೆ ಆ ಗುಮ್ ತಾನೇ ಸ್ವಲ್ಪ ಇಳಿಯುತ್ತದೆ. ಮೊದಲ ಹಾಡು ಆದ ಮೇಲೆ ಇನ್ನೊಂದು ಸಲ ಕೇಳಿ ನೋಡೋಕೆ ಹೇಳಿ.

ಮಾನಿಟರ್, ಅಂದರೆ ನಿಮಗೆ ಕೇಳಲಿ ಅಂತ ಸ್ಟೇಜ್ ಮೇಲೆ ಇಡೋ ಸ್ಪೀಕರ್ ಬಾಕ್ಸ್, ಅದರ ವಿಷಯದಲ್ಲಿ ಸಂಕೋಚ ಬೇಡ. ನಿಮಗೆ ನೀವೇ ಕೇಳದಿದ್ದರೆ ಕೈ ತಾನಾಗೇ ಜೋರಾಗುತ್ತದೆ, ಕೀಬೋರ್ಡ್ ಪ್ರತಿ ಸ್ವರಕ್ಕೂ ಗಟ್ಟಿ ಏಟಿನ ಸ್ಯಾಂಪಲ್ ಕೊಡುತ್ತದೆ, ಇಡೀ ಹಾಡು ಕರ್ಕಶ. ಬಾಕ್ಸ್ ಮೊಣಕಾಲಿನ ಹತ್ತಿರ ಬೇಡ, ಕಿವಿಯ ಕಡೆ ವಾಲಿಸಿ ಇಡಿಸಿ. ಕಾರ್ಯಕ್ರಮ ಮುಗಿದ ಮೇಲೆ ಚಾನೆಲ್ ಮ್ಯೂಟ್ ಮಾಡಿಸದೆ ಜಾಕ್ ಕೀಳಬೇಡಿ. ಆ ಢಬ್ ಸದ್ದಿಗೆ ಹಾರ್ನ್ ಹೋದರೆ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ.