ತಾಂಜಾನಿಯಾದ ಕಿಲಿಮಂಜಾರೋ ಬೆಟ್ಟ ಹತ್ತಿ ದೇಣಿಗೆ ಎತ್ತುವವರಿಗೆ

ಮೊದಲು ಹಣದ ಮಾತು. ವಿಮಾನ, ವೀಸಾ, ಗೈಡ್, ಪೋರ್ಟರ್‌ಗಳ ಖರ್ಚು ನಿಮ್ಮ ಜೇಬಿನದು. ಜನ ಕೊಟ್ಟದ್ದು ಪೂರ್ತಿ ನೀವು ಯಾರಿಗಾಗಿ ಹತ್ತುತ್ತೀರೋ ಆ ಸೇವಾಸಂಸ್ಥೆಗೆ. ಇದನ್ನು ಮೊದಲೇ ಹೇಳಿಬಿಡಿ. ‘ನಮ್ಮ ದುಡ್ಡಿನಲ್ಲಿ ಆಫ್ರಿಕಾ ಪ್ರವಾಸವೇ?’ ಎಂದು ವಿರಾಜಪೇಟೆ ಸಂತೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ದೇಣಿಗೆ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ. ದಾನಿಗೆ ಆದಾಯ ತೆರಿಗೆಯಲ್ಲಿ ಕಡಿತ ಕೊಡಿಸುವ, 80ಜಿ ಎಂದು ಜನ ಕರೆಯುವ ನೋಂದಣಿ ಸಂಸ್ಥೆಗೆ ಇದೆಯೇ ನೋಡಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ತೆರಿಗೆ ಕಡಿತ ಸಿಗುವುದಿಲ್ಲ.

ಕೊಡಗಿನಲ್ಲಿ ಕೇಳುವುದಕ್ಕೂ ಕಾಲವಿದೆ. ಕಾಫಿ ಕುಯಿಲಿನ ಗಡಿಬಿಡಿಯಲ್ಲಿ ಹೋದರೆ ಕಣದಿಂದ ಯಾರೂ ತಲೆ ಎತ್ತುವುದಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರ ನಾನು ಮನೆಮನೆ ಹತ್ತಿದೆ. ಹಿರಿಯರೊಬ್ಬರು ಚೆಕ್ ಬರೆದು, ‘ಆ ಬೆಟ್ಟದ ಬುಡದಲ್ಲೂ ಕಾಫಿ ಬೆಳೆಯುತ್ತಾರಂತೆ, ಗಿಡ ಹೇಗಿದೆ ನೋಡಿಕೊಂಡು ಬಾ’ ಎಂದರು.

ಅಭ್ಯಾಸಕ್ಕೆ ಕಕ್ಕಬ್ಬೆ ಕಡೆಯ ತಡಿಯಂಡಮೋಳ್ ಬೆಟ್ಟ ಇದೆ. ಭಾರದ ಚೀಲ ಹೊತ್ತು ಹತ್ತಿ. ಜಿಗಣೆಗೆ ಕಾಲುಚೀಲದ ಮೇಲೆ ಉಪ್ಪು, ಹೊಗೆಸೊಪ್ಪು. ಆದರೆ ಅದರ 1,748 ಮೀಟರ್‌ನಲ್ಲಿ ಕಾಲು ಗಟ್ಟಿಯಾಗುತ್ತದೆಯೇ ಹೊರತು ಕಿಲಿಮಂಜಾರೋದ 5,895 ಮೀಟರ್‌ನ ತೆಳುಗಾಳಿಗೆ ದೇಹ ಒಗ್ಗುವುದಿಲ್ಲ. ಅದಕ್ಕೆ ಅಲ್ಲಿಯೇ ದಿನ ಕೊಡಬೇಕು. ಐದು ದಿನದ ಅಗ್ಗದ ಪ್ಯಾಕೇಜ್ ಬಿಟ್ಟು ಏಳೆಂಟು ದಿನದ ದಾರಿ ಹಿಡಿಯಿರಿ. ತಲೆನೋವು ಹೆಚ್ಚಿ ವಾಂತಿ ಶುರುವಾದರೆ ದಾನಿಗಳ ಮುಖ ನೆನೆಯುತ್ತ ನಿಲ್ಲಬೇಡಿ, ಇಳಿಯಿರಿ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಲಸಿಕೆಯ ಪ್ರಮಾಣಪತ್ರವಿಲ್ಲದೆ, ಭಾರತದ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶದಿಂದ ಅಥವಾ ಅದರ ಮೂಲಕ ಮರಳಿದರೆ ಇಲ್ಲಿನ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳುಹಿಸಬಹುದು.