ಸಂಕರ ಹಾವಿಗೆ ಹೆಸರು: ನನ್ನ ಕಾಗುಣಿತದ ಪದ್ಧತಿ

ಮರಿಯ ಬಣ್ಣ ನೋಡಿ ಹೆಸರಿಡುವುದನ್ನು ಬಿಟ್ಟ ಮೇಲೆಯೇ ನನ್ನ ಜಂಗಲ್ ಕಾರ್ನ್ ದಾಖಲೆ ಹದಕ್ಕೆ ಬಂದದ್ದು. ಕಿಂಗ್, ಕಾರ್ನ್ ಎಂಬ ಎರಡು ಅಮೆರಿಕದ ವಿಷವಿಲ್ಲದ ಹಾವುಗಳ ಸಂಕರವೇ ಜಂಗಲ್ ಕಾರ್ನ್. ಗಂಡು ಕ್ಯಾಲಿಫೋರ್ನಿಯಾ ಕಿಂಗ್, ಹೆಣ್ಣು ಕಾರ್ನ್. ಕಿಂಗ್ ಹಾವು ತಿನ್ನುವ ಜಾತಿ. ಅದನ್ನು ಕಾರ್ನ್ ಜೊತೆ ಹೇಗೆ ಕೂಡಿಸಿದೆ ಎಂಬುದು ನನ್ನಲ್ಲೇ ಇರಲಿ. ಇಲ್ಲಿ ಹೆಸರಿನ ಮಾತು ಮಾತ್ರ.

ಶಿರಸಿಯವರಿಗೆ ಅಡಿಕೆ ಬಣ್ಣ ಬಾಯಿಗೆ ಬರುವುದು ಸಹಜ. ಕೆಂಪಡಿಕೆಯ ‘ರಾಶಿ’, ‘ಬೆಟ್ಟೆ’, ಬಿಳಿಯಡಿಕೆಯ ‘ಚಾಲಿ’ ಎಂಬ ಹೆಸರುಗಳು ಕೇಳಲು ಚೆಂದ, ಹಾವಿಗೆ ಮಾತ್ರ ನಿಲ್ಲುವುದಿಲ್ಲ. ಹುಟ್ಟುವಾಗಿನ ಬೂದು ಬಣ್ಣದ ಒಳಗಿನಿಂದ ವರ್ಷ ಎರಡು ವರ್ಷದಲ್ಲಿ ಹಳದಿ, ಕಿತ್ತಳೆ ಏರಿ ಬರುತ್ತದೆ. ಆಮೇಲೆ ಚಾಲಿಯೇ ರಾಶಿಗಿಂತ ಕೆಂಪು. ಹೆಣ್ಣು-ಗಂಡಿನ ಹೆಸರೂ ಹಾಗೆಯೇ: ಮರಿಯ ಬಾಲದ ಬುಡ ಒತ್ತಿ ಲಿಂಗ ಹೇಳುವುದು ಕೈ ಪಳಗಿದವರ ಕೆಲಸ, ಅವರದ್ದೂ ತಪ್ಪುತ್ತದೆ. ದೊಡ್ಡದಾದ ಮೇಲೆ ಬಾಲದ ಬುಡದ ರಂಧ್ರಕ್ಕೆ ಪ್ರೋಬ್ ಎಂಬ ತೆಳು ಕಡ್ಡಿ ಹಾಕಿದರೆ ‘ಗೌರಿ’ ಗಂಡೆಂದು ತಿಳಿಯುತ್ತದೆ. ದೇವರ ಹೆಸರಂತೂ ಬೇಡವೇ ಬೇಡ. ನಾಗರಪಂಚಮಿಗೆ ಬನಕ್ಕೆ ಹಾಲು ಒಯ್ಯುವ, ಕತ್ತಲಾದರೆ ಹಾವು ಎನ್ನದೆ ‘ಹುಳ’ ಎನ್ನುವ ಊರಿನಲ್ಲಿ ಡಬ್ಬಿಯೊಳಗಿನ ಹಾವನ್ನು ನಾಗಪ್ಪ ಎಂದು ಕರೆದರೆ ಅಜ್ಜಿಯಂದಿರಿಗೆ ನೋವಾಗುತ್ತದೆ. ಆ ನೋವು ನ್ಯಾಯವಾದದ್ದು.

ಕೊನೆಗೆ ಹಿಡಿದದ್ದು ಕಾಗುಣಿತವನ್ನು. ಒಂದು ಜೋಡಿಯ ಒಂದು ಸಲದ ಮೊಟ್ಟೆಗೆ ಒಂದು ವ್ಯಂಜನ, ಒಂದೊಂದು ಮರಿಗೆ ಒಂದೊಂದು ಸ್ವರ, ಹೆಸರೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರು, ನಡುಗಡ್ಡೆ, ಅಣೆಕಟ್ಟುಗಳದ್ದು. ಮೊದಲ ಸಲದ್ದು ಕದ್ರಾ, ಕಾನಸೂರು, ಕಿರವತ್ತಿ, ಕುಮಟಾ, ಕೂರ್ಮಗಡ, ಕೆಕ್ಕಾರು, ಕೇಣಿ, ಕೈಗಾ, ಕೊಡಸಳ್ಳಿ, ಕೋಡಿಬಾಗ. ಊರಿನ ಹೆಸರಿಗೆ ಗಂಡು ಹೆಣ್ಣೆಂಬುದಿಲ್ಲ, ಬಣ್ಣವೂ ಇಲ್ಲ. ಕೀ, ಕೃ, ಕೌ ಬಿಟ್ಟೆ. ಹತ್ತು ಮೊಟ್ಟೆಗೆ ಇಷ್ಟು ಸಾಕು. ಹೆಚ್ಚಾದರೆ ಅನುಸ್ವಾರಕ್ಕೆ ಕಂಚಿಕೈ ಇದೆ.

ಯಾವ ಮರಿಗೆ ಯಾವ ಸ್ವರ ಎಂಬಲ್ಲಿ ತೊಡಕು ಬಂತು. 28 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಅರವತ್ತು ದಿನಕ್ಕೆ ಮೊಟ್ಟೆ ಸೀಳುತ್ತವೆ. ಸೀಳಿದ ಮೇಲೂ ಮರಿ ಒಂದು ದಿನ ಒಳಗೇ ಕೂರುತ್ತದೆ, ರಾತ್ರಿ ನಾಲ್ಕೈದು ಒಟ್ಟಿಗೆ ಹೊರಬೀಳುತ್ತವೆ. ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸುವಂತಿಲ್ಲ, ಹಾಗಾಗಿ ಹೊರಬಂದ ಸರದಿ ನಂಬಲು ಬರುವುದಿಲ್ಲ. ಈಗ ಹೊರಬಿದ್ದ ಕೂಡಲೇ ಬೇರೆ ಬೇರೆ ಡಬ್ಬಿಗೆ ಹಾಕಿ ಬರೀ ಅಂಕಿ ಕೊಡುತ್ತೇನೆ. ವಾರ ಹತ್ತು ದಿನಕ್ಕೆ ಮೊದಲ ಪೊರೆ ಕಳಚುತ್ತದೆ. ಕಳಚಿದ ಸರದಿಯೇ ಸ್ವರದ ಸರದಿ. ಆದರೆ ಹೆಸರು ಖಾತೆಗೆ ಏರುವುದು ಮೂರು ಸಲ ಇಲಿಮರಿ ತಿಂದ ಮೇಲೆ. ತಿನ್ನದೆ ಸತ್ತ ಮರಿಯ ಸ್ವರ ಖಾಲಿ ಇರಬೇಕು, ಇನ್ನೊಂದಕ್ಕೆ ಕೊಟ್ಟರೆ ಖಾತೆ ಕೆಟ್ಟಿತೆಂದೇ ಲೆಕ್ಕ.

ಬೆಂಗಳೂರಿನ ಸಾಕಣೆಗಾರರು ಈ ಹಳ್ಳಿ ಹೆಸರು ಯಾರಿಗೆ ಬೇಕು, ‘ಲಾವಾ’, ‘ಕ್ಯಾಂಡಿ’ ಅಂತಿಡಿ ಎಂದಿದ್ದರು. ಈಗ ಅವರೇ ಜೋಡಿ ಕಟ್ಟುವ ಮೊದಲು ಅಕ್ಷರ ಕೇಳುತ್ತಾರೆ. ಎರಡೂ ‘ಕ’ ಆದರೆ ಒಡಹುಟ್ಟು, ಅಲ್ಲಿಗೆ ಮಾತು ಮುಗಿಯಿತು. ಕನ್ನಡದಲ್ಲೇ ಬರೆಯಬೇಕು, ಇಂಗ್ಲಿಷ್ ಅಕ್ಷರದಲ್ಲಿ ಕ, ಕಾ ಎರಡೂ ಒಂದೇ ಆಗಿಬಿಡುತ್ತವೆ. ಗೊಂದಲ ಬೇಡವೆಂದು ಖ, ಭ ಮುಟ್ಟುವುದಿಲ್ಲ.

ದುಡ್ಡು ಹೋದದ್ದು ಡಬ್ಬಿಯ ಮೇಲಿನ ಹೆಸರಿನ ಚೀಟಿಗೆ. ಥರ್ಮಲ್ ಪ್ರಿಂಟರಿಗೆ ಮೂರು ಸಾವಿರದ ಹತ್ತಿರ ಸುರಿದೆ. ಸ್ಯಾನಿಟೈಸರ್ ತಾಗಿದಲ್ಲೆಲ್ಲ ಕಾಗದ ಕಪ್ಪು. ಮಾರ್ಕರ್ ಬರಹವನ್ನು ಸ್ಪಿರಿಟ್ ಒರೆಸಿಬಿಡುತ್ತದೆ, ಕಾರವಾರದ ಜುಲೈ ತೇವಕ್ಕೆ ಅಂಟುಪಟ್ಟಿ ತಾನಾಗಿ ಕಳಚುತ್ತದೆ. ಗಿಡಕ್ಕೆ ಕಟ್ಟುವ ತೆಳು ಅಲ್ಯೂಮಿನಿಯಂ ತಗಡಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದದ್ದು ಮಾತ್ರ ಉಳಿಯಿತು, ಒಂದಕ್ಕೆ ಐದಾರು ರೂಪಾಯಿ. ಹೆಸರಿನ ಕೆಳಗೆ ‘ಕಿಂಗ್ 50, ಕಾರ್ನ್ 50’ ಎಂದು ಇರಲೇಬೇಕು. ಸಂಕರವನ್ನು ಶುದ್ಧ ಕಾರ್ನ್ ಎಂದು ದಾಟಿಸುವುದು ಮುಂದಿನವರ ಇಡೀ ಸಂತಾನಕ್ಕೆ ಮಾಡುವ ದ್ರೋಹ. ಕಿಂಗ್ ಪಾಲು ಇರುವ ಹಾವನ್ನು ಇನ್ನೊಂದರ ಜೊತೆ ಇಟ್ಟರೆ ನುಂಗುವ ಅಪಾಯವೂ ಇದೆ. ಪೊರೆ ಬಿಟ್ಟ ದಿನ ತಗಡಿನ ಜೊತೆ ಬೆನ್ನಿನ ಫೋಟೋ ತೆಗೆದು, ಕತ್ತಿನಿಂದ ಬಾಲದವರೆಗಿನ ಮಚ್ಚೆ ಎಣಿಸಿಡಿ. ಬಣ್ಣ ತಿರುಗಿದರೂ ಮಚ್ಚೆಯ ಆಕಾರ ತಿರುಗುವುದಿಲ್ಲ.

ಹೆಸರು ಕರೆದರೆ ಬರುತ್ತದೆಯೇ ಎಂದೂ ನೋಡಿದೆ. ಇಲ್ಲ. ಕೊಕ್ಕೆಯಿಂದ ಮೈ ಮೆಲ್ಲನೆ ತಟ್ಟಿ ಎತ್ತುವ ರೂಢಿ ಮಾಡಿದರೆ, ಇದು ಊಟವಲ್ಲ ಎಂಬುದನ್ನು ಕೆಲವು ವಾರದಲ್ಲಿ ಕಲಿಯುತ್ತದೆ. ಹೆಸರು ನಮಗೆ, ತಟ್ಟು ಅದಕ್ಕೆ.

‘ಮಂಡಲ’, ‘ಕೇರೆ’, ‘ಹೆಬ್ಬಾವು’ ಎಂಬ ಕರೆಹೆಸರು ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಮ್ಮ ಕಾಡಿನ ಹಾವು ಸಾಕುವಂತಿಲ್ಲ, ಪಕ್ಕದ ಮನೆಯವರು ಹೆಸರು ಕೇಳಿಯೇ ಅರಣ್ಯ ಇಲಾಖೆಗೆ ಫೋನು ಮಾಡುತ್ತಾರೆ. ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವಿನ ಸಂಕರ ಇದ್ದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ನೋಂದಣಿಯಲ್ಲಿರುವ ಗುರುತನ್ನೇ ತಗಡಿಗೂ ಹಾಕಲಿ.

ಮುಂದಿನ ಮೊಟ್ಟೆಗೆ ‘ಬ’ ತೆಗೆದಿಟ್ಟಿದ್ದೇನೆ: ಬನವಾಸಿ, ಬಾಡ, ಬಿಣಗಾ, ಬೇಲೆಕೇರಿ, ಬೈತಖೋಲ. ಎರಡನೇ ತಲೆಮಾರಿಗೆ ಅಪ್ಪ ಅಮ್ಮ ಇಬ್ಬರ ಅಕ್ಷರವನ್ನೂ ಒಂದೇ ಹೆಸರಿನಲ್ಲಿ ಕೂರಿಸುವ ದಾರಿ ಸಿಕ್ಕಿದೆ, ಆ ಮರಿಗಳು ತಿನ್ನತೊಡಗಿದ ಮೇಲೆ ಬರೆಯುತ್ತೇನೆ.